ಎಡ ಪೆಡಲಿನ ಸದ್ದು

ದುಯ್ತಾಮಾ
9 ಮಾರ್ಚ್ 1994

ರೆಸ್ಪೆಕ್ಟೆಡ್ ಮೇಡಮ್ ಕುಸ್ತೋದಿಯಾ ಅವರಿಗೆ,

ಪತ್ರವನ್ನು ಹೀಗೆಯೇ ಶುರುಮಾಡಬೇಕೆಂದು ತುಂಹಾದ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟರು ಹೇಳಿಕೊಟ್ಟಿದ್ದರು. ಅಲ್ಲಿ ಎರಡು ವರ್ಷ ಓದಿದೆ, ಆಮೇಲೆ ಅಪ್ಪನ ಲೇತ್ ಮಷೀನಿಗೆ ಬಂದು ನಿಂತೆ. ಈಗ ಇಂಗ್ಲಿಷಿನಲ್ಲಿ ಉಳಿದಿರುವುದು ಪತ್ರದ ತಲೆ ಮತ್ತು ಬಾಲ. ಹೊಟ್ಟೆಯೆಲ್ಲ ಮರೆತುಹೋಗಿದೆ. ಹಾಗಾಗಿ ನಡುವಿನದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ತಾವು ಸೋಚಾದಿಂದ ಕಳಿಸಿದ ಗಂಟು ಬಸ್ಸಿನ ಡ್ರೈವರ್ ಕೈಯಲ್ಲಿ ನಿನ್ನೆ ಬಂತು. "ಏನ್ ಮೇಸ್ತ್ರಿ, ಇದ್ರೊಳಗೆ ಕುದುರೆ ಲಾಳ ಇಟ್ಟವ್ರಾ? ದಾರಿಯುದ್ದಕ್ಕೂ ನನ್ನ ಮೊಣಕಾಲಿಗೆ ಒದೀತಿತ್ತು" ಎಂದು ಬೈದುಕೊಂಡೇ ಕೊಟ್ಟ. ಬಿಚ್ಚಿದೆ. ಹಿಟ್ಟಿನ ಚೀಲದ ಬಟ್ಟೆ, ಒಳಗೆ ಹಳೇ ಪೇಪರು, ಅದರೊಳಗೆ ಒಂದು ಜೊತೆ ಪೆಡಲ್. ಜೊತೆಗೊಂದು ಚೀಟಿ: "ಎಫ್ರೆನನದು. ತಿರುಗುವ ಹಾಗೆ ಮಾಡಿ."

ಪೆಡಲುಗಳು ಇಟಲಿಯವು, ನನ್ನ ಮದುವೆಯಾದ ಕಾಲದವು. ಈಗ ಇಂಥವನ್ನು ಯಾರೂ ಮಾಡುವುದಿಲ್ಲ, ಬಿಡಿಭಾಗವೂ ಸಿಗುವುದಿಲ್ಲ. ಬಲಗಡೆಯದು ಗೊಣಗುತ್ತಾದರೂ ತಿರುಗುತ್ತದೆ. ಎಡಗಡೆಯದು ಸೆಟೆದುಕೊಂಡಿದೆ. ಗ್ರೀಸು ಹಳೇ ಬೆಲ್ಲದ ಹಾಗೆ ಗಟ್ಟಿಯಾಗಿದೆ, ಒಳಗಿನ ಗುಂಡುಗಳು ತುಕ್ಕಿನಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಅದೂ ಸಾಲದೆ, ಎಡಗಡೆಯ ಥ್ರೆಡ್ಡಿಗೆ ಯಾರೋ ಎತ್ತಿನ ಬಲ ಹಾಕಿ ಹಿಂಸೆ ಕೊಟ್ಟಿದ್ದಾರೆ. ಎಡ ಪೆಡಲು ಎಲ್ಲದಕ್ಕೂ ಉಲ್ಟಾ, ಅಮ್ಮಾ. ಬೇರೆಲ್ಲ ಕಡೆ ಬಿಗಿಮಾಡುವ ದಿಕ್ಕಿಗೆ ತಿರುಗಿಸಿದರೆ ಅದು ಬಿಚ್ಚಿಕೊಳ್ಳುತ್ತದೆ. ಗೊತ್ತಿಲ್ಲದವರು ಬಿಚ್ಚುತ್ತೇನೆಂದುಕೊಂಡು ಇನ್ನಷ್ಟು ಬಿಗಿಯುತ್ತಾರೆ.

ಪರವಾಗಿಲ್ಲ, ಆಗುತ್ತದೆ. ಒಳಗೆ ಗುಂಡುಗಳು ಉರುಳುವ ಬಳೆ, ಅದಕ್ಕೆ ಕೋನ್ ಅಂತಾರೆ, ಅದನ್ನು ನಾನೇ ಲೇತಿನಲ್ಲಿ ಕಡೆದು ಹಾಕುತ್ತೇನೆ. ನಿಧಾನವಾಗುತ್ತದೆ, ಕಾಯಬೇಕು. ಕೂಲಿ ಅಂತ ಏನಾದರೂ ಕಳಿಸಲೇಬೇಕೆನಿಸಿದರೆ ನಿಮ್ಮೂರಿನ ಆಲೂಗಡ್ಡೆ ಕಳಿಸಿ. ಇಲ್ಲಿನದು ಬೇಯಿಸಿದರೆ ಸೋಪಿನ ಹಾಗಿರುತ್ತದೆ.

ಗಿರಾಕಿಗಳಿಗೆ ಪತ್ರ ಬರೆಯುವುದು ನನ್ನ ಹೆಂಡತಿ ಎಡೆಲ್ಮಿರಾಳ ಕೆಲಸವಾಗಿತ್ತು. ನವೆಂಬರಿನಲ್ಲಿ ಅವಳನ್ನು ಮಣ್ಣುಮಾಡಿ ಬಂದೆವು. ನನ್ನ ಅಕ್ಷರವನ್ನೂ ಲಂಬಿಸುವ ಚಾಳಿಯನ್ನೂ ಮನ್ನಿಸಬೇಕು. ಅವಳಾಗಿದ್ದರೆ ಇಷ್ಟನ್ನೂ ಮೂರು ಸಾಲಿನಲ್ಲಿ ಮುಗಿಸುತ್ತಿದ್ದಳು.

ಯುವರ್ಸ್ ಫೇತ್‌ಫುಲಿ,
ಬೆಲಾರ್ಮಿನೊ ಚಪಾರ್ರೊ


ಸೋಚಾ
27 ಮಾರ್ಚ್

ಮೇಸ್ತ್ರಿಗಳಿಗೆ,

ನಿಮ್ಮ ಪತ್ರ ಬಂತು. ನಿಮ್ಮ ಹೆಂಡತಿಗಾಗಿ ಒಂದು ಜಪಮಾಲೆ ಹೇಳಿದೆ.

ಥ್ರೆಡ್ ಕೆಡಿಸಿದವನು ಹಾಲು ಹಾಕುವ ಎಲಿಯೆಸರ್. "ಸರೀಮ್ಮಾ, ಇದೆಲ್ಲ ಗಂಡಸ್ರು ಕೆಲ್ಸ" ಎಂದು ನನ್ನನ್ನು ಪಕ್ಕಕ್ಕೆ ನೂಕಿದ. ಸ್ಪ್ಯಾನರಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿ ಅದರ ಮೇಲೆ ಹತ್ತಿ ನಿಂತ. ನಿಮ್ಮ ಪತ್ರವನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಎತ್ತು ಎನ್ನುವ ಮಾತು ಬಂದಾಗ ಹಾಲಿನ ಕ್ಯಾನು ಎತ್ತಿಕೊಂಡು ಹೋದ.

ಎಫ್ರೆನ್ ನನ್ನ ಮಗ. ಒಬ್ಬನೇ. ರೇಸುಗಳಲ್ಲಿ ಸೈಕಲ್ ತುಳಿಯುತ್ತಿದ್ದ. ನಾಲ್ಕು ವರ್ಷದ ಹಿಂದೆ, ಇಳಿಜಾರಿನಲ್ಲಿ ಸೈಕಲ್ಲನ್ನು ಬೇಲಿಗೆ ಒರಗಿಸಿ, ರಸ್ತೆಯಾಚೆಯ ಚಿಲುಮೆಯಲ್ಲಿ ನೀರು ಕುಡಿಯಲು ಹೋಗಿದ್ದ. ಬ್ರೇಕು ಹೋದ ಕಲ್ಲಿದ್ದಲಿನ ಲಾರಿ ಆ ಕಡೆಗೇ ನುಗ್ಗಿತು. ಸೈಕಲ್ಲಿಗೆ ಒಂದು ಗೀರೂ ಬೀಳಲಿಲ್ಲ.

ಅದನ್ನು ತಂದು ಅಡುಗೆಮನೆಯ ಮೂಲೆಯಲ್ಲಿ ನಿಲ್ಲಿಸಿದೆ. ಹೊಗೆ, ಮಂಜು, ತೇವ ಎಲ್ಲ ಕುಡಿದು ಪೆಡಲು ಕಟ್ಟಿಕೊಂಡಿದೆ. ಮೊದಲು ಹೇಗಿತ್ತೋ ಹಾಗೆ ಮಾಡಿಕೊಡಿ. ನನಗೆ ಬೇರೇನೂ ಬೇಡ.

ಆಲೂಗಡ್ಡೆ ಇದೇ ಬಸ್ಸಿಗೆ ಹಾಕಿದ್ದೇನೆ. ಡ್ರೈವರ್ ಅರ್ಧ ತೆಗೆದುಕೊಂಡರೆ ಹೇಳಿ.

ಯುವರ್ಸ್ ಫೇತ್‌ಫುಲಿ ಅಂದರೆ ಏನು?

ಕುಸ್ತೋದಿಯಾ ಸಿಯಾಚೋಕೆ


ದುಯ್ತಾಮಾ
4 ಮೇ

ರೆಸ್ಪೆಕ್ಟೆಡ್ ಮೇಡಮ್ ಕುಸ್ತೋದಿಯಾ ಅವರಿಗೆ,

ಹಾಗೆಂದರೆ 'ನಿಮ್ಮ ನಂಬಿಕಸ್ಥ' ಎಂದು. ಪರಿಚಯವಿಲ್ಲದವರಿಗೆ ಹಾಗೆ ಬರೆಯಬೇಕಂತೆ. ಪರಿಚಯವಿದ್ದವರಿಗೆ ಬೇರೆ ಇನ್ನೇನೋ ಇತ್ತು, ನೆನಪಾಗುತ್ತಿಲ್ಲ. ಸ್ವಂತದವರಿಗೆ ಏನು ಬರೆಯಬೇಕೆಂದು ಹೇಳಿಕೊಡುವ ಹೊತ್ತಿಗೆ ನಾನು ಕಾಲೇಜು ಬಿಟ್ಟಿದ್ದೆ.

ಆಲೂಗಡ್ಡೆ ಪೂರ್ತಿ ಬಂತು. ಬೇಯಿಸಿ, ಉಪ್ಪು ಹಾಕಿ, ನಿಂತುಕೊಂಡೇ ತಿಂದೆ. ಒಬ್ಬನಿಗಾಗಿ ಮೇಜು ಒರೆಸಲು ಬೇಜಾರು.

ಈಗ ಪೆಡಲಿನ ವಿಷಯ. ಸೀಮೆಎಣ್ಣೆಯಲ್ಲಿ ಒಂದು ವಾರ ನೆನೆಹಾಕಿದೆ. ಎಡಗಡೆಯದು ಆಗಲೂ ಜಗ್ಗಲಿಲ್ಲ. ಬಿಸಿ ತೋರಿಸಿ, ತಣ್ಣೀರು ಮುಟ್ಟಿಸಿ, ಮತ್ತೆ ಬಿಸಿ ತೋರಿಸಿ, ಮಗುವಿಗೆ ಔಷಧಿ ಕುಡಿಸುವ ಹಾಗೆ ಪುಸಲಾಯಿಸಿ ಬಿಚ್ಚಿದೆ. ಹಳೇ ಕೋನಿನ ಮೈಯೆಲ್ಲ ಗುಳಿ ಬಿದ್ದಿತ್ತು, ಗುಜರಿ ಡಬ್ಬಿಗೆ ಎಸೆದೆ. ಲಾರಿಯ ಆಕ್ಸಲ್ಲಿನ ಒಂದು ತುಂಡು ಜೋಪಾನ ಮಾಡಿಟ್ಟಿದ್ದೆ, ಒಳ್ಳೇ ಉಕ್ಕು. ಅದರಲ್ಲಿ ಹೊಸ ಕೋನ್ ಕಡೆದು, ಇದ್ದಿಲಿನಲ್ಲಿ ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಹದ ಕೊಟ್ಟೆ. ಧೂಳು ತಡೆಯುವ ಮುಚ್ಚಳಗಳನ್ನು ಹಿತ್ತಾಳೆಯಲ್ಲಿ ಮಾಡಿದ್ದೇನೆ. ಗುಂಡುಗಳೆಲ್ಲ ಹೊಸವು. ಎಲಿಯೆಸರ್ ಅವರು ಕೊಟ್ಟ ಗಾಯವನ್ನೂ ಅರದಿಂದ ಒಂದೊಂದೇ ಹಲ್ಲಾಗಿ ವಾಸಿಮಾಡಿದ್ದೇನೆ. ಅವರಿಗೆ ನನ್ನ ನಮಸ್ಕಾರ.

ನಮ್ಮಲ್ಲಿ ಕೊನೆಯ ಪರೀಕ್ಷೆ ಕಿವಿಯದು. ಪೆಡಲನ್ನು ಕಿವಿಗೆ ಹಿಡಿದು ಬೆರಳಿನಿಂದ ತಿರುಗಿಸಬೇಕು. "ಕೇಳಿಸ್ತು ಅಂದ್ರೆ ಕೆಲ್ಸ ಮುಗ್ದಿಲ್ಲ ಕಣೋ" ಎನ್ನುತ್ತಿದ್ದರು ಅಪ್ಪ. ತಿರುಗಿಸಿದೆ. ಬೆಕ್ಕು ಗೋಡೆಯ ಮೇಲೆ ನಡೆದ ಹಾಗೆ, ಏನೂ ಕೇಳಿಸಲಿಲ್ಲ. ಎಡೆಲ್ಮಿರಾ ಹೋದ ಮೇಲೆ ಇದೇ ಮೊದಲ ಸಲ, ಕೆಲಸ ಮುಗಿದಾಗ ಯಾರನ್ನಾದರೂ ಕೂಗಿ ತೋರಿಸಬೇಕು ಅನ್ನಿಸಿತು.

ಯುವರ್ಸ್ ಫೇತ್‌ಫುಲಿ,
ಬೆಲಾರ್ಮಿನೊ ಚಪಾರ್ರೊ


ಸೋಚಾ
20 ಮೇ

ಮೇಸ್ತ್ರಿಗಳೇ,

ಎಲಿಯೆಸರ್ ಪೆಡಲು ಹಾಕಿದ. ಈ ಸಲ ಸರಿಯಾದ ದಿಕ್ಕಿಗೇ ತಿರುಗಿಸಿದ. "ಸೇತುವೆ ತಂಕ ಇಳ್ದೋಗಿ, ಅಲ್ಲಿಂದ ಮೇಲಕ್ಕೆ ತುಳ್ಕೊಂಡ್ ಬಾ" ಎಂದು ಅವನನ್ನು ಕಳಿಸಿ ನಾನು ಒಲೆಯ ಮುಂದೆ, ಬಾಗಿಲಿಗೆ ಬೆನ್ನುಹಾಕಿ ನಿಂತೆ. ಎಫ್ರೆನ್ ಬರುವ ಹೊತ್ತಿಗೆ ಹಾಗೇ ನಿಂತಿರುತ್ತಿದ್ದೆ.

ಏನೂ ಕೇಳಲಿಲ್ಲ. ಎಲಿಯೆಸರ್ ಬಾಗಿಲಲ್ಲಿ ಏದುಸಿರು ಬಿಡುತ್ತ "ಬೆಣ್ಣೆ ಇದ್ದಂಗೈತಮ್ಮಾ, ಬೆಣ್ಣೆ!" ಎಂದಾಗಲೇ ಗೊತ್ತಾಗಿದ್ದು ಅವನು ಬಂದಿದ್ದಾನೆಂದು.

ಸದ್ದು ಎಲ್ಲಿ?

ಎಫ್ರೆನ್ ತುಳಿಯುವಾಗ ಎಡ ಪೆಡಲು ಪ್ರತಿ ಸುತ್ತಿಗೂ ಟಿಕ್ ಅನ್ನುತ್ತಿತ್ತು. ಅದು ಸೇತುವೆಯಿಂದಲೇ ಕೇಳಿಸುತ್ತಿತ್ತು, ನಮ್ಮಲ್ಲಿ ಸಂಜೆಗೆ ಗಾಳಿ ನಿಲ್ಲುತ್ತದೆ. ಅದು ಕೇಳಿಸಿದ ಮೇಲೆ ಆಲೂಗಡ್ಡೆ ಸಾರು ಒಲೆಗೇರಿಸಿದರೆ ಅವನು ಕೈತೊಳೆದು ಕೂರುವಾಗ ಕುದಿ ಬರುತ್ತಿತ್ತು. ಟಿಕ್ ಟಿಕ್ ಎಂದು ಬೇಗ ಬೇಗ ಬಂದರೆ ಗೆದ್ದಿದ್ದಾನೆ. ಒಂದು ಟಿಕ್, ಆಮೇಲೆ ಸುಮಾರು ಹೊತ್ತಾದ ಮೇಲೆ ಇನ್ನೊಂದು, ಹಾಗಿದ್ದರೆ ಏನೂ ಕೇಳಬಾರದು, ಸುಮ್ಮನೆ ಬಡಿಸಬೇಕು. ಅವನ ಮುಖ ನೋಡುವ ಮೊದಲೇ ನನಗೆಲ್ಲ ಗೊತ್ತಾಗಿರುತ್ತಿತ್ತು.

ಅವನು ಹೋದ ಮೇಲೆ ಒಂದು ದಿನ ಪೆಡಲು ತಿರುಗಿಸಲು ನೋಡಿದೆ. ಕಟ್ಟಿಕೊಂಡಿತ್ತು. ಆ ಸದ್ದು ಅದರೊಳಗೆ ಸಿಕ್ಕಿಕೊಂಡು ಕೂತಿದೆ, ಯಾರಾದರೂ ಬಿಡಿಸಿದರೆ ಬರುತ್ತದೆ ಎಂದುಕೊಂಡೇ ಇಷ್ಟು ವರ್ಷ ಕಳೆದೆ. ಮೊದಲಿನ ಹಾಗೆ ಮಾಡಿಕೊಡಿ ಎಂದು ಬರೆದಿದ್ದೆನಲ್ಲ.

ನೀವು ಎಸೆದ ಆ ಗುಳಿಬಿದ್ದ ಕೋನ್ ನನಗೆ ಬೇಕು. ಅದನ್ನೇ ವಾಪಸ್ ಹಾಕಿಕೊಡಿ.

ಕುಸ್ತೋದಿಯಾ


ದುಯ್ತಾಮಾ
2 ಜೂನ್

ಕುಸ್ತೋದಿಯಾ ಅಮ್ಮನವರಿಗೆ,

ಇವತ್ತು ಇಂಗ್ಲಿಷ್ ತಲೆ ಬೇಡ.

ತಮ್ಮ ಪತ್ರ ಓದಿದವನೇ ಗುಜರಿ ಡಬ್ಬಿಯನ್ನು ನೆಲಕ್ಕೆ ಬೋರಲು ಹಾಕಿ, ಮೊಣಕಾಲೂರಿ ಹುಡುಕಿದೆ. ಮೇಲೆ ಇದ್ದದ್ದು ಹೋದ ವಾರದ ಕಸ. ಕೋನ್ ಇದ್ದ ರಾಶಿಯನ್ನು ಗುಜರಿಯವನು ಆಗಲೇ ಹೊತ್ತೊಯ್ದಿದ್ದ. ಅವನ ಅಂಗಡಿಗೆ ಹೋದೆ. "ಉಕ್ಕಿನ ಕುಲುಮೆಗೆ ಹೋಗಾಯ್ತು ಯಜಮಾನ್ರೇ. ಇಷ್ಟೊತ್ತಿಗೆ ಯಾವ್ದೋ ಸೇತುವೆ ಕಂಬಿ ಆಗಿರ್ತದೆ" ಎಂದ. ಒಂದು ಸಣ್ಣ ಕೋನ್ ಎಂದೆ. "ಚಿನ್ನದ್ದಾ?" ಎಂದು ಕೇಳಿದ. ಬರಿಗೈಯಲ್ಲಿ ಬಂದೆ.

ಅಮ್ಮಾ, ಸದ್ದು ಎಂದರೆ ರೋಗ ಎಂದು ಕಲಿತವನು ನಾನು. ನನ್ನ ಮನೆಯಲ್ಲೂ ಹೀಗೇ ಮಾಡಿಕೊಂಡೆ. ವರ್ಕ್‌ಶಾಪಿಗೂ ಅಡುಗೆಮನೆಗೂ ನಡುವೆ ಒಂದು ಬಾಗಿಲಿದೆ. ಎಡೆಲ್ಮಿರಾ ಕಾಫಿ ತರುವಾಗ ಅದು ಕಿರ್ ಅನ್ನುತ್ತಿತ್ತು. ಎಣ್ಣೆ ಬಿಡಲು ಹೋದರೆ, "ಮುಟ್ಬೇಡ್ರೀ ಅದನ್ನ. ನಾನ್ ಬರೋದು ಗೊತ್ತಾಗ್ದೆ ಬೆರಳಿಗೆ ಸುತ್ತಿಗೆ ಹೊಡ್ಕೋತೀರಾ" ಎಂದು ಗದರುತ್ತಿದ್ದಳು. ಅವಳನ್ನು ಮಣ್ಣುಮಾಡಿ ಬಂದ ಮಧ್ಯಾಹ್ನ ಕೈಗೆ ಏನಾದರೂ ಕೆಲಸ ಬೇಕಿತ್ತು. ಆ ಬಾಗಿಲಿಗೆ ಎಣ್ಣೆ ಬಿಟ್ಟೆ. ಬಿಡುವಾಗ ಏನು ಮಾಡುತ್ತಿದ್ದೇನೆಂದು ಹೊಳೆಯಲೇ ಇಲ್ಲ.

ಹಾಗಾಗಿ ನಾನು ತಮಗೆ ಏನು ಮಾಡಿದ್ದೇನೆಂದು ನನಗೆ ಗೊತ್ತು. ಒಂದು ಕೆಟ್ಟ ಕೋನ್ ಮಾಡಿ ಕಳಿಸುತ್ತೇನೆ, ಬೇಕೆಂದೇ ದೋಷವಿಟ್ಟು. ಆದರೆ ಎಂಥ ದೋಷ ಎಂದು ಗೊತ್ತಾಗಬೇಕು. ದಯವಿಟ್ಟು ಇಷ್ಟು ತಿಳಿಸಿ: ಸದ್ದು ಗಾಜಿನದೋ, ಮರದ್ದೋ, ಕಬ್ಬಿಣದ್ದೋ? ಕಾಲು ಮೇಲಿದ್ದಾಗಲೋ ಕೆಳಗಿದ್ದಾಗಲೋ? ಎಫ್ರೆನ್ ಹೇಗೆ ತುಳಿಯುತ್ತಿದ್ದ? ಎಂಥ ಬೂಟು ಹಾಕುತ್ತಿದ್ದ?

ಬೆಲಾರ್ಮಿನೊ


ಸೋಚಾ
19 ಜೂನ್

ಮೇಸ್ತ್ರಿಗಳೇ,

ನಿಮ್ಮ ಬಾಗಿಲಿನ ಕಥೆ ನನಗೇಕೆ? ನಿಮ್ಮ ಬಾಗಿಲು ನಿಮ್ಮ ಮನೆಯಲ್ಲಿದೆ. ತುಕ್ಕು ಹಿಡಿಸಿದರೆ ಮತ್ತೆ ಕಿರ್ ಅನ್ನುತ್ತದೆ.

ಕೇಳಿದ್ದಕ್ಕೆ ಹೇಳುತ್ತೇನೆ. ಕಬ್ಬಿಣದ ಸದ್ದೇ. ಆದರೆ ಮೆತ್ತಗೆ, ಹೆಣಿಗೆ ಕಡ್ಡಿಗೆ ಕಡ್ಡಿ ತಾಗಿದ ಹಾಗೆ. ಕಾಲು ಎಲ್ಲಿದ್ದಾಗ ಎಂದು ಕೇಳಿದರೆ ನನಗೇನು ಗೊತ್ತು, ನಾನು ಬೆನ್ನುಹಾಕಿ ನಿಂತಿರುತ್ತಿದ್ದೆ.

ಎಡಗಾಲು ಅವನಿಗೆ ಸ್ವಲ್ಪ ಹೊರಗೆ ತಿರುಗಿತ್ತು. ಚಿಕ್ಕವನಿದ್ದಾಗ ಆಲೂಗಡ್ಡೆ ಲಾರಿಯಿಂದ ಬಿದ್ದಿದ್ದ. ಹಾಗಾಗಿ ಆ ಬೂಟಿನ ಹಿಮ್ಮಡಿ ಬೇಗ ಸವೆಯುತ್ತಿತ್ತು. ಚಮ್ಮಾರನಿಂದ ಲಾಳ ಹೊಡೆಸಿದೆ. ಈಸ್ಟರ್ ಬರುವುದರೊಳಗೆ ಆ ಲಾಳವೂ ಒಳಬದಿಗೆ ತೆಳ್ಳಗಾಗುತ್ತಿತ್ತು. "ನಿನ್ ಮಗ ನಡೀತಾನೋ, ಕಾಲನ್ನ ಸಾಣೆ ಹಿಡೀತಾನೋ?" ಎಂದು ಚಮ್ಮಾರ ನಗುತ್ತಿದ್ದ. ಆ ಬೂಟುಗಳನ್ನೇ ಹಾಕಿಸಿ ಅವನನ್ನು ಕಳಿಸಿಕೊಟ್ಟೆವು. ಬೇರೆ ಒಳ್ಳೇ ಜೋಡು ಇರಲಿಲ್ಲ.

ನಿಮ್ಮ ಪೆಡಲಿಗೂ ಇದಕ್ಕೂ ಏನು ಸಂಬಂಧವೋ ನನಗೆ ತಿಳಿಯದು. ಎಡ ಪೆಡಲು ವಾಪಸ್ ಕಳಿಸಿದ್ದೇನೆ.

ಕುಸ್ತೋದಿಯಾ


ದುಯ್ತಾಮಾ
11 ಆಗಸ್ಟ್

ಕುಸ್ತೋದಿಯಾ ಅಮ್ಮನವರಿಗೆ,

ತಾವು ಹಿಂದಿರುಗಿಸಿದ ಎರಡನೆಯ ಕೋನೂ ಪೆಡಲಿನ ಜೊತೆಗೇ ಬಂತು. 'ಇದು ಇಲಿ ಕಡಿದ ಹಾಗಿದೆ' ಎಂದು ಬರೆದಿದ್ದೀರಿ. ಸರಿಯಾಗಿಯೇ ಹೇಳಿದ್ದೀರಿ. ಮೊದಲನೆಯದಕ್ಕೆ ಒಂದೇ ಒಂದು ಗುಳಿ ಹೊಡೆದಿದ್ದೆ, ಗರಗರ ಎಂದಿತು. ಎರಡನೆಯದರಲ್ಲಿ ಒಂದು ಗುಂಡಿನ ಮೈಯನ್ನು ಚಪ್ಪಟೆ ಮಾಡಿದ್ದೆ.

ಒಳ್ಳೆಯದನ್ನು ಮಾಡಲು ಅಳತೆ ಇದೆ, ಅಮ್ಮಾ. ಕೆಟ್ಟದ್ದಕ್ಕೆ ಅಳತೆಯೇ ಇಲ್ಲ. ಲೇತಿನ ಮುಂದೆ ನಿಂತರೆ ಕೈ ತಾನಾಗಿ ಸರಿ ಮಾಡುತ್ತದೆ. ಬಯ್ದು ಬಯ್ದು ತಪ್ಪು ಮಾಡಿಸಬೇಕು. ಮೊನ್ನೆ ಪಕ್ಕದ ಬೇಕರಿಯವಳು ಇಣುಕಿ, "ಯಾರ್ ಹತ್ರ ಜಗಳ ಆಡ್ತಿದೀರಾ ದೊಡ್ಡಪ್ಪಾ, ದೊಡ್ಡಮ್ಮ ಬಂದ್ರಾ?" ಎಂದುಬಿಟ್ಟಳು. ಆಮೇಲೆ ನಾಲಗೆ ಕಚ್ಚಿಕೊಂಡಳು. ಪಾಪ, ಎರಡು ಬನ್ನು ಕೊಟ್ಟು ಹೋದಳು.

ಮೂರನೆಯದು ತಯಾರಾಗುತ್ತಿದೆ. ಇದನ್ನು ಬಸ್ಸಿನವನ ಕೈಯಲ್ಲಿ ಕಳಿಸುವುದಿಲ್ಲ, ನಾನೇ ತರುತ್ತೇನೆ. ಸೈಕಲ್ಲಿನ ಮೇಲೆ ಹಾಕಿ, ತಾವು ಒಲೆಯ ಮುಂದೆ ನಿಂತು ಕೇಳಿ, ನಾನು ಅಲ್ಲೇ ಅರ ಹಿಡಿದು ತಿದ್ದುತ್ತೇನೆ. ಸದ್ದು ಬರುವ ತನಕ ಏಳುವುದಿಲ್ಲ. ಸೆಪ್ಟೆಂಬರಿನಲ್ಲಿ ಮಳೆ ಕಡಿಮೆಯಾದ ಮೇಲೆ ಬರಲೇ?

ಬೆಲಾರ್ಮಿನೊ


ಸೋಚಾ
25 ಸೆಪ್ಟೆಂಬರ್

ಮೇಸ್ತ್ರಿಗಳೇ,

ನೀವು ಹೋದ ಮೇಲೆ ನಿಮ್ಮ ಕನ್ನಡಕ ಬೆಂಚಿನ ಮೇಲೆ ಸಿಕ್ಕಿತು. ಜೊತೆಗೆ ಕಳಿಸಿದ್ದೇನೆ.

ನೀವು ಇದ್ದಾಗ ಹೇಳಲಿಲ್ಲ, ಈಗ ಹೇಳುತ್ತೇನೆ. ಸದ್ದು ಬರುವ ತನಕ ಏಳುವುದಿಲ್ಲ ಎಂದು ಬರೆದವರು ನೀವು. ಬಂದಿರಿ, ಬೆಲ್ಲದ ನೀರು ಕುಡಿದಿರಿ, ನಮ್ಮೂರಿನ ಚಳಿಯನ್ನು ಬೈದಿರಿ, ಸೈಕಲ್ಲಿನ ಪಕ್ಕ ಕೂತಿರಿ. ಪೆಡಲಿನ ನಟ್ಟು ಅರ್ಧ ಬಿಗಿದವರು ಹಿಂದಿನ ಚಕ್ರದ ಕಡೆ ಬೆರಳಿಟ್ಟು ಹಾಗೇ ಕೂತುಬಿಟ್ಟಿರಿ. ಏನಾಯಿತು ಎಂದು ಕೇಳಿದರೆ "ನೀರು ಕೊಡಿ" ಎಂದಿರಿ. ತಂದು ಕೊಡುವಷ್ಟರಲ್ಲಿ ಹೊರಗೆ ಹೋಗಿ ಗೋಡೆಗೆ ಮುಖಮಾಡಿ ನಿಂತಿದ್ದಿರಿ. ಆಮೇಲೆ ಒಳಗೆ ಬಂದು, "ನನ್ನ ಕೈಯಲ್ಲಿ ಆಗಲ್ಲಮ್ಮ. ಸದ್ದು ಆ ಕೋನ್‌ನಲ್ಲೇ ಇತ್ತು. ಎಸ್ದೋನು ನಾನು. ಎಲ್ಲಾ ನಂದೇ ತಪ್ಪು" ಎಂದಿರಿ.

"ಯಜಮಾನ್ರು ಅಳ್ತಿದ್ರಮ್ಮ" ಎಂದ ಎಲಿಯೆಸರ್. ಹೊಗೆಯಿಂದ ಎಂದು ಹೇಳಿದೆ. ನಿಮಗಾಗಿ ಅಲ್ಲ, ನನಗೆ ಅವನ ಬಾಯಿ ಮುಚ್ಚಿಸಬೇಕಿತ್ತು.

ನಾನು ನಿಮ್ಮನ್ನು ಕ್ಷಮಿಸಿಲ್ಲ. ಸಂಜೆ ಗಾಳಿ ನಿಂತಾಗ ಒಲೆಯ ಮುಂದೆ ನಿಂತು ನಿಮ್ಮನ್ನು ಬೈಯುತ್ತೇನೆ, ಬಾಯಿಗೆ ಬಂದದ್ದೆಲ್ಲ. ನಾಲ್ಕು ವರ್ಷ ಆ ಹೊತ್ತಿನಲ್ಲಿ ಬೈಯಲು ನನಗೆ ಯಾರೂ ಇರಲಿಲ್ಲ. ಲಾರಿಯವನೂ ಅವತ್ತೇ ಸತ್ತ. ದೇವರನ್ನು ಬೈದರೆ ಪಾಪ. ಬೈದು ಮುಗಿಸಿದ ಮೇಲೆ ಈಗ ಸಾರು ಒಲೆಗಿಡುತ್ತೇನೆ. ಒಂದು ತಟ್ಟೆಗಾಗುವಷ್ಟು. ಅವನು ಹೋದ ಮೇಲೆ ಸಂಜೆ ಒಲೆ ಹಚ್ಚಿರಲಿಲ್ಲ.

ಆಗಲ್ಲ ಎನ್ನಬೇಡಿ. ಹುಡುಕಿ. ಸಿಗದಿದ್ದರೆ ಇನ್ನೊಂದು ಮಾಡಿ, ಅದು ಆಗದಿದ್ದರೆ ಮತ್ತೊಂದು. ಎಸೆದವರು ನೀವು.

ಕುಸ್ತೋದಿಯಾ


ದುಯ್ತಾಮಾ
2 ನವೆಂಬರ್, ಸಕಲ ಆತ್ಮಗಳ ದಿನ

ಎಡೆಲ್ಮಿರಾ,

ಬೆಳಿಗ್ಗೆ ನಿನ್ನ ಹತ್ತಿರ ಬಂದಿದ್ದೆ. ಜನ ಹೆಚ್ಚಿದ್ದರು, ಮಾತಾಡಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಗಿರಾಕಿಗಳ ಪತ್ರ ನೋಡಿಕೊಳ್ಳುತ್ತಿದ್ದವಳು ನೀನು. ನಾನು ಒಬ್ಬ ಗಿರಾಕಿಗೆ ಸುಳ್ಳು ಹೇಳಿದ್ದೇನೆ, ನಿನಗೆ ತಿಳಿಸದೆ ಇರುವುದು ಸರಿಯಲ್ಲ.

ಸೋಚಾಕ್ಕೆ ಹೋಗಿದ್ದೆ. ಆ ಸೈಕಲ್ಲಿನ ಎಡಗಡೆ, ಹಿಂದಿನ ಚಕ್ರಕ್ಕೆ ಹೋಗುವ ಕೆಳಗಿನ ಕೊಳವೆಯ ಮೇಲೆ, ಅವರೆಕಾಳಿನಷ್ಟು ಜಾಗದಲ್ಲಿ ಬಣ್ಣ ಹೋಗಿ ಉಕ್ಕು ಕಾಣುತ್ತಿತ್ತು. ಬೆರಳಿಟ್ಟೆ. ಸಣ್ಣ ತಗ್ಗು, ನುಣ್ಣಗೆ ಸವೆದಿತ್ತು. ಕಾಲು ಹೊರಗೆ ತಿರುಗಿದ್ದರೆ ಹಿಮ್ಮಡಿ ಒಳಗೆ ಬರುತ್ತದೆ. ಹಿಮ್ಮಡಿಯಲ್ಲಿ ಲಾಳವಿತ್ತು. ಒಂದೊಂದು ಸುತ್ತಿಗೂ ಲಾಳ ಹೋಗಿ ಕೊಳವೆಗೆ ತಾಗುತ್ತಿತ್ತು, ಟಿಕ್. ಪೆಡಲಿನಲ್ಲಿ ಆ ಸದ್ದು ಯಾವತ್ತೂ ಇರಲಿಲ್ಲ. ನಾನು ಎಸೆದ ಕೋನ್‌ನಲ್ಲೂ ಇರಲಿಲ್ಲ. ಆ ಸದ್ದು ಹುಡುಗನ ಕಾಲಿನದು.

ಎಲಿಯೆಸರನ ಬೂಟಿಗೆ ಲಾಳ ಹೊಡೆಸಿದರೆ ಹೇಗೆ ಎಂದು ಗೋಡೆಯ ಹತ್ತಿರ ನಿಂತು ಯೋಚಿಸಿದೆ. ಅವನ ಕಾಲು ನೆಟ್ಟಗಿದೆ, ತಾಗುವುದಿಲ್ಲ. ಬೇಕೆಂದು ತಾಗಿಸಿದರೂ ಅದರಲ್ಲಿ ಗೆದ್ದು ಬಂದದ್ದೂ ಸೋತು ಬಂದದ್ದೂ ಕೇಳಿಸುವುದಿಲ್ಲ. ಆ ತಾಯಿಗೆ ಒಂದೇ ಸುತ್ತಿನಲ್ಲಿ ಗೊತ್ತಾಗಿಬಿಡುತ್ತದೆ.

ನಿಜ ಹೇಳಿಬಿಡೋಣ ಎಂದೇ ಒಳಗೆ ಹೋದೆ, ದೇವರಾಣೆಗೂ. ಚಳಿಗೆ ರುವಾನಾ ಕಂಬಳಿ ಹೊದ್ದು, ನೀರಿನ ಲೋಟ ಹಿಡಿದು ನಿಂತಿದ್ದರು. ಹೇಳಿದರೆ ಏನಾಗುತ್ತದೆ ನೋಡು. ಬೂಟುಗಳು ಅವನ ಕಾಲಲ್ಲೇ ಇವೆ. ಸದ್ದು ಅವನ ಜೊತೆಗೇ ಮಣ್ಣಿಗೆ ಹೋಯಿತು, ಇನ್ನು ಅದು ಎಲ್ಲೂ ಇಲ್ಲ ಎಂದಾಗುತ್ತದೆ. ನಾನು ಎಸೆದೆ ಎಂದರೆ ಅದು ಎಲ್ಲೋ ಇದೆ. ಗುಜರಿಯಲ್ಲೋ, ಸೇತುವೆಯ ಕಂಬಿಯಲ್ಲೋ, ನಾನು ಮುಂದೆ ಮಾಡುವ ಕೋನ್‌ನಲ್ಲೋ. ತಪ್ಪು ನನ್ನದಾಗಿರುವ ತನಕ ಆಕೆಗೆ ಕಾಯಲು ಏನೋ ಇರುತ್ತದೆ. ನನ್ನ ಬಾಯಿಂದ ನಂದೇ ತಪ್ಪು ಎಂದು ಬಂತು.

ನಲವತ್ತು ವರ್ಷದ ಹೆಸರು ಹೋಯಿತು ಎಂದು ಬೈಯಬೇಡ. ಈಗ ಹದಿನೈದು ದಿನಕ್ಕೊಂದು ಕೋನ್ ಕಳಿಸುತ್ತೇನೆ. 'ಇದಲ್ಲ' ಎಂದು ಬರೆದು ವಾಪಸ್ ಕಳಿಸುತ್ತಾರೆ. ಹೋದ ಸಲದ ಚೀಟಿಯಲ್ಲಿ 'ಇದಲ್ಲ, ಆದರೆ ಹತ್ತಿರ ಬಂದಿದ್ದೀರಿ' ಎಂದಿತ್ತು. ಅದನ್ನು ಓದಿ ಮಷೀನು ನಿಲ್ಲಿಸಿ ಕೂತೆ. ಹತ್ತಿರ ಹೇಗೆ ಬರುತ್ತದೆ, ಎಡೆಲ್ಮಿರಾ?

ಇನ್ನೊಂದು ವಿಷಯ. ಆಕೆ ಸಿಟ್ಟಿನಲ್ಲಿ ಬರೆದ ಮಾತನ್ನು ನಾನು ಕೇಳಿಬಿಟ್ಟೆ. ನಿನ್ನ ಬಾಗಿಲಿನ ಕೀಲುಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಎಣ್ಣೆಯ ಪಸೆಯೆಲ್ಲ ತೆಗೆದು, ದಿನಾ ಬೆಳಿಗ್ಗೆ ಉಪ್ಪುನೀರು ಹಾಕುತ್ತಿದ್ದೇನೆ. ಕಾಫಿಯನ್ನು ನಾನೇ ಮಾಡಿಕೊಂಡು, ಲೋಟ ಹಿಡಿದು, ನೀನು ಬರುತ್ತಿದ್ದ ಕಡೆಯಿಂದ ಬಂದು ಬಾಗಿಲು ತಳ್ಳುತ್ತೇನೆ.

ತುಕ್ಕು ಚೆನ್ನಾಗಿಯೇ ಹಿಡಿದಿದೆ. ನಿನ್ನೆ ಕಿರ್ ಎಂದಿತು. ಲೇತಿನ ಕಡೆ ತಿರುಗಿ ನೋಡಿದೆ, ಅಲ್ಲಿ ಯಾರೂ ಇರಲಿಲ್ಲ. ಕೇಳಿಸಿಕೊಳ್ಳಬೇಕಾದವನು ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ.

ಸ್ವಂತದವರಿಗೆ ಕೊನೆಯಲ್ಲಿ ಏನು ಬರೆಯಬೇಕೆಂದು ಕಲಿಯಲೇ ಇಲ್ಲ. ಗೊತ್ತಿರುವಷ್ಟು ಬರೆಯುತ್ತೇನೆ.

ಯುವರ್ಸ್,
ಬೆಲಾರ್ಮಿನೊ